ಶರಾವತಿ ಹಿನ್ನೀರಿನ ಕಡವು: ಒಂದು ಐತಿಹಾಸಿಕ ವಿಚಾರ

ರಾಜವಂಶಗಳ ಏಳುಬೀಳುಗಳನ್ನೂ ಕೋಟೆಕೊತ್ತಲಗಳ ಕಾಳಗಗಳನ್ನೂ ಕುರಿತು ನಮ್ಮಲ್ಲಿ ಸಾಕಷ್ಟು ಬರೆಹಗಳು ಬಂದಿವೆ. ದಾರಿಗಳ ಚರಿತ್ರೆಯನ್ನು ಬರೆದವರು ವಿರಳ. ದಾರಿ ಮುಗಿದು ನೀರು ಮೊದಲಾಗುವ ಸ್ಥಳವನ್ನು, ಎಂದರೆ ದೋಣಿಯಲ್ಲಿ ಹೊಳೆ ದಾಟುವ ಕಡವನ್ನು ಕುರಿತು ವಿಚಾರ ಮಾಡಿದವರು ಇನ್ನೂ ವಿರಳ. ಆದರೆ ಪ್ರಭುತ್ವಕ್ಕೂ ಪ್ರಜೆಗೂ ಇರುವ ಸಂಬಂಧವು ಅರಮನೆಯ ಬಾಗಿಲಿನಲ್ಲಿ ಕಾಣುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಹೊಳೆಯ ದಡದಲ್ಲಿ ಕಾಣುತ್ತದೆ. ಅಲ್ಲಿ ಯಾರು ಕಾಯಬೇಕು, ಯಾರು ಕಾಯದೆ ದಾಟಬಹುದು, ಯಾರು ಎಷ್ಟು ತೆರಬೇಕು, ರಾತ್ರಿಯಾದ ಮೇಲೆ ಬಂದವನ ಗತಿ ಏನು ಎಂಬ ಪ್ರಶ್ನೆಗಳಿಗೆ ಯಾರಾದರೂ ಉತ್ತರ ಕೊಟ್ಟಿರಲೇಬೇಕು. ಆ ಉತ್ತರಗಳೇ ಕಡವಿನ ಚರಿತ್ರೆ.

ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಸಾಗರ ತಾಲ್ಲೂಕಿನ ಹೊಳೆಬಾಗಿಲು. ಸಾಗರದಿಂದ ಆವಿನಹಳ್ಳಿಯ ಮೇಲೆ ಹೊರಟ ಮೋಟಾರು ದಾರಿ ಅಂಬಾರಗೋಡ್ಲಿನ ಬಳಿ ಶರಾವತಿಯ ಹಿನ್ನೀರಿಗೆ ಇಳಿದು ನಿಲ್ಲುತ್ತಿತ್ತು. ಎದುರು ದಡದ ಕಳಸವಳ್ಳಿಯಿಂದ ಮುಂದೆ ತುಮರಿ, ಸಿಗಂದೂರು ಮೊದಲಾದ ಊರುಗಳು. ಆ ಸೀಮೆಯನ್ನು ಜನ ಇಂದಿಗೂ ‘ದ್ವೀಪ’ವೆಂದೇ ಕರೆಯುತ್ತಾರೆ. ಭೂಗೋಳಶಾಸ್ತ್ರದ ಕಟ್ಟುನಿಟ್ಟಿಗೆ ಅದು ದ್ವೀಪವಲ್ಲ. ಒಂದು ಕಡೆ ಘಟ್ಟದ ಕಾಡು, ಉಳಿದ ಕಡೆಗಳಲ್ಲಿ ನೀರು. ಹೊಸನಗರ, ನಗರ, ನಿಟ್ಟೂರುಗಳ ಮೇಲೆ ಬಹುದೂರ ಸುತ್ತಿದರೆ ನೆಲದ ಮೇಲೆಯೇ ಅಲ್ಲಿಗೆ ಸೇರಬಹುದಾಗಿತ್ತು. ಆದರೆ ಸಂತೆಗೆ, ಕಛೇರಿಗೆ, ಆಸ್ಪತ್ರೆಗೆ ಸಾಗರವನ್ನೇ ನೆಚ್ಚಿದವನಿಗೆ ಅದು ದ್ವೀಪವೇ. ಜನರ ಮಾತಿನಲ್ಲಿರುವ ಭೂಗೋಳವನ್ನು ಚರಿತ್ರಕಾರನು ಅಲಕ್ಷಿಸಬಾರದು.

ಮೊದಲಿಗೆ ಶಾಸ್ತ್ರದ ಕಡೆಗೆ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯನ್ನು ಕುರಿತು ಒಂದು ಇಡೀ ಅಧ್ಯಾಯವಿದೆ. ಈ ಗ್ರಂಥವನ್ನು ಬೆಳಕಿಗೆ ತಂದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳೆಂಬುದೂ 1909ರಲ್ಲಿ ಅವರು ಮೂಲವನ್ನು ಅಚ್ಚು ಮಾಡಿಸಿದರೆಂಬುದೂ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಅಧ್ಯಾಯದಲ್ಲಿ ಕಡವಿನ ದರಪಟ್ಟಿಯೇ ಇದೆ. ಸಣ್ಣ ಪಶುವಿಗೂ ಕೈಯಲ್ಲಿ ಹೊರೆ ಹಿಡಿದ ಮನುಷ್ಯನಿಗೂ ಒಂದು ಮಾಷ; ದನಕ್ಕೂ ಕುದುರೆಗೂ ಎರಡು; ಒಂಟೆಗೂ ಎಮ್ಮೆಗೂ ನಾಲ್ಕು. ಬಂಡಿಗಳಲ್ಲಿಯೂ ತಾರತಮ್ಯ ಉಂಟು: ಹಗುರವಾದುದಕ್ಕೆ ಐದು, ಎತ್ತಿನ ಬಂಡಿಗೆ ಆರು, ದೊಡ್ಡ ಶಕಟಕ್ಕೆ ಏಳು. ಮಹಾನದಿಗಳಲ್ಲಿ ಈ ದರ ಇಮ್ಮಡಿ. ಬೈಸಿಕಲ್ಲು, ಕಾರು, ಲಾರಿ ಎಂದು ದರ ಬರೆದ ಹಲಗೆಯನ್ನು ಕಡವಿನಲ್ಲಿ ಕಂಡವರಿಗೆ ಈ ಪಟ್ಟಿ ಅಪರಿಚಿತವೆನಿಸಲಾರದು.

ದರಪಟ್ಟಿಗಿಂತ ಗಮನಾರ್ಹವಾದುವು ಮುಂದಿನ ವಿಧಿಗಳು. ಬ್ರಾಹ್ಮಣರು, ಸಂನ್ಯಾಸಿಗಳು, ಮಕ್ಕಳು, ಮುದುಕರು, ರೋಗಿಗಳು, ರಾಜಶಾಸನವನ್ನು ಒಯ್ಯುವವರು, ಗರ್ಭಿಣಿಯರು ಇವರು ನಾವಧ್ಯಕ್ಷನ ಮುದ್ರೆಯ ಮೇಲೆ ಹಣವಿಲ್ಲದೆ ದಾಟಬಹುದು. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆಯಲ್ಲಿ ದಾಟುವವನಿಗೆ ದಂಡ ಉಂಟು. ಆದರೆ ಬೆಸ್ತರಿಗೆ, ಸೌದೆ ಹುಲ್ಲು ಹೊರುವವರಿಗೆ, ಗೋವಳರಿಗೆ ದಂಡವಿಲ್ಲ. ನೀರಿನ ಸೀಮೆಯ ಹಳ್ಳಿಗಳಿಗೆ ಬೀಜ, ಅನ್ನ, ಸಾಮಾನು ಸಾಗಿಸುವವರಿಗೂ ಇಲ್ಲ. ಕೊನೆಗೆ ಒಂದು ಮಾತು: ಆಳಿನ ಕೊರತೆಯಿಂದಲೋ ಸಲಕರಣೆಯ ಕೊರತೆಯಿಂದಲೋ ದುರಸ್ತಿ ಇಲ್ಲದೆಯೋ ದೋಣಿ ಕೆಟ್ಟರೆ, ಆದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ಈ ವಿಧಿಗಳು ಎಷ್ಟರಮಟ್ಟಿಗೆ ಆಚರಣೆಯಲ್ಲಿದ್ದುವು ಎಂಬುದು ಬೇರೆಯ ಚರ್ಚೆ. ಇಲ್ಲಿ ನಮಗೆ ಬೇಕಾದುದು ಇಷ್ಟೇ: ಕಡವಿನಿಂದ ಆದಾಯ ಪಡೆಯುವ ಪ್ರಭುತ್ವ ದಾಟಿಸುವ ಹೊಣೆಯನ್ನೂ ಹೊತ್ತಿದೆ ಎಂಬ ಭಾವನೆ ನಮ್ಮ ದೇಶಕ್ಕೆ ಹೊಸತಲ್ಲ. ಅರ್ಥಶಾಸ್ತ್ರದ ಕರ್ತೃವನ್ನು ಕಠೋರನೆಂದು ಜರೆಯುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ಇನ್ನು ಶರಾವತಿಯ ಕಡೆಗೆ ಬರೋಣ. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿ.ಮೀ. ಹರಿದು, ಹೊನ್ನಾವರದಲ್ಲಿ ಸಮುದ್ರ ಸೇರುವ ಈ ನದಿ ಉದ್ದದಲ್ಲಿ ದೊಡ್ಡದಲ್ಲ. ಆದರೆ ಕೆಳದಿಯ ಅರಸರ ರಾಜ್ಯಕ್ಕೆ ಅದು ಕರಾವಳಿಯ ಕಡೆಯ ಹೆಬ್ಬಾಗಿಲು. ಮೆಣಸು, ಅಕ್ಕಿಗಳು ಘಟ್ಟವಿಳಿದು ಹಡಗು ಸೇರುತ್ತಿದ್ದುದು ಇಂತಹ ನದಿಗಳ ಆಸರೆಯಿಂದ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದದ್ದು ಈ ಮಾರ್ಗದಲ್ಲಿಯೇ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿ, ಅಲ್ಲಿಂದ ಮೇಲೆ ಘಟ್ಟದ ಏರು, ಕಡೆಗೆ ಇಕ್ಕೇರಿ. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಹುಡುಗರು ನೆಲದಲ್ಲಿ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅವನು ಬೆರಗಾಗಿ ಬರೆದಿಟ್ಟಿದ್ದಾನೆ. ರಾಯಭಾರಿಗಳಿಗೆ ಪಲ್ಲಕ್ಕಿಯೂ ದೋಣಿಯೂ ಸಿದ್ಧವಾಗಿದ್ದಿರಬೇಕು. ಹೊರೆ ಹೊತ್ತವನ ಪಾಡನ್ನು ಬರೆಯುವ ಪ್ರವಾಸಿಗಳು ಎಲ್ಲ ಕಾಲದಲ್ಲಿಯೂ ಕಡಮೆ.

ಹೊಳೆಬಾಗಿಲು ಎಂಬ ಹೆಸರಿನಲ್ಲಿಯೇ ಆ ಹಿಂದಿನ ಸ್ಥಿತಿ ಉಳಿದುಕೊಂಡಿದೆ. ಬಾಗಿಲೆಂದರೆ ತೆರೆದು ಒಳಹೋಗುವ ಸ್ಥಳ, ಅಡ್ಡಿಯಲ್ಲ. ಬೇಸಗೆಯಲ್ಲಿ ಇಳಿದು ದಾಟಬಹುದಾದ, ಮಳೆಗಾಲದಲ್ಲಿ ಅಂಬಿಗನನ್ನು ಕೂಗಬೇಕಾದ ಹೊಳೆ ಮಲೆನಾಡಿನಲ್ಲಿ ಎರಡು ದಡದ ಊರುಗಳನ್ನು ಬೇರ್ಪಡಿಸುತ್ತಿರಲಿಲ್ಲ. ಹೆಣ್ಣು ಕೊಟ್ಟು ತರುವುದು, ತೋಟಗದ್ದೆಗಳ ಒಕ್ಕಲು, ದೇವರ ಕಾರ್ಯ ಎಲ್ಲವೂ ದಡದಿಂದ ದಡಕ್ಕೆ ನಡೆಯುತ್ತಿದ್ದುವು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಿಗೆ ವಚನಕಾರರ ಸಾಲಿನಲ್ಲಿ ದೊರೆತ ಗೌರವ ಕಡವಿನ ಲೆಕ್ಕಪತ್ರಗಳಲ್ಲಿ ಯಾವ ಅಂಬಿಗನಿಗೂ ದೊರೆತಂತೆ ಕಾಣದು.

ಈ ಸೀಮೆ ದ್ವೀಪವಾದುದು ಪ್ರಕೃತಿಯಿಂದಲ್ಲ, ಎರಡು ಅಣೆಕಟ್ಟುಗಳಿಂದ. ಜೋಗದ ವಿದ್ಯುದಾಗಾರದ ಕೆಲಸ ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಮೊದಲಾಗಿ 1948ರಲ್ಲಿ ವಿದ್ಯುತ್ತು ಹರಿಯಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿದ್ದ ಆ ಯೋಜನೆಗೆ ಬಳಿಕ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು. ಪೂರ್ಣಗೊಂಡಾಗ ಅದರ ಶಕ್ತಿ 120 ಮೆಗಾವಾಟ್. ಅದಕ್ಕೆ ನೀರು ಕೂಡಿಟ್ಟದ್ದು ಮಡೆನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟು. ಸೈಫನ್ ಮಾದರಿಯ ಕೋಡಿಗಳಿಂದ ಅದು ಎಂಜಿನಿಯರುಗಳ ಮೆಚ್ಚುಗೆ ಪಡೆದಿತ್ತು. ಆಗಲೇ ಒಂದು ಮುಳುಗಡೆ ನಡೆದುಹೋಯಿತು. ಹದಿನಾರು ವರ್ಷ ಕಳೆದು 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ನಿಂತಾಗ ಹಿರೇಭಾಸ್ಕರವೇ ನೀರಿನಡಿ ಸೇರಿತು. ಅಣೆಕಟ್ಟು ಅಣೆಕಟ್ಟನ್ನು ನುಂಗಿದ ಇಂತಹ ನಿದರ್ಶನ ಅಪರೂಪ. ಹೊಸ ಜಲಾಶಯದ ತುಂಬಿದ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಹರವು ಸುಮಾರು 300 ಚದರ ಕಿ.ಮೀ. 1965ರಲ್ಲಿ ಪ್ರಧಾನಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಶರಾವತಿ ಯೋಜನೆಯನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಹತ್ತು ಘಟಕಗಳ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಶಕ್ತಿಯದಾಗಿ ಬೆಳೆದು ಬಹುಕಾಲ ನಾಡಿನ ಬೆಳಕಿನ ದೊಡ್ಡ ಆಧಾರವಾಯಿತು.

ಇದರ ಪ್ರಯೋಜನವನ್ನು ಅಲ್ಲಗಳೆಯುವುದು ಲೇಖಕನ ಉದ್ದೇಶವಲ್ಲ. ಆದರೆ ಲೆಕ್ಕದ ಇನ್ನೊಂದು ಕಡೆಯನ್ನೂ ಓದಬೇಕಾಗುತ್ತದೆ. ಸಾವಿರಾರು ಕುಟುಂಬಗಳು ಮನೆ, ತೋಟ, ಗದ್ದೆಗಳನ್ನು ಬಿಟ್ಟು ಎದ್ದುವು. ಕಾಡಿನ ನೆಲದಲ್ಲಿ ಕೂರಿಸಲ್ಪಟ್ಟ ಎಷ್ಟೋ ಸಂಸಾರಗಳ ಹಕ್ಕುಪತ್ರದ ವ್ಯಾಜ್ಯ 60 ವರ್ಷ ಕಳೆದರೂ ಮುಗಿಯಲಿಲ್ಲ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ರೈತರು ಸತ್ಯಾಗ್ರಹ ಹೂಡಿದ್ದು 1951ರಲ್ಲಿ. ಉಳುವವನಿಗೆ ಒಡೆತನ ಕೊಟ್ಟ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮುಳುಗಡೆ ನಡೆದುದು ಇವೆರಡರ ನಡುವೆ ಎಂಬುದನ್ನು ಸಾಮಾಜಿಕ ಚರಿತ್ರೆಯನ್ನು ಅಭ್ಯಾಸ ಮಾಡುವವರು ನೆನಪಿನಲ್ಲಿಡಬೇಕು. ಎದ್ದು ಹೋದವರ ಕಥೆಯನ್ನು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದ ನಾ. ಡಿಸೋಜ (1937–2025) ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಬರೆದರು. ಎರಡನೆಯದು ಗಿರೀಶ್ ಕಾಸರವಳ್ಳಿ ಅವರ ಚಲನಚಿತ್ರವೂ ಆಯಿತು. ಏಳದೆ ಉಳಿದವರ ಕಥೆ, ಎಂದರೆ ನೀರು ಮನೆಯ ಹೊಸ್ತಿಲಿಗೆ ಬಾರದೆ ಊರಿನ ದಾರಿಯನ್ನು ಮಾತ್ರ ನುಂಗಿದವರ ಕಥೆ, ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ಏನನ್ನೂ ಕಳೆದುಕೊಂಡಿರಲಿಲ್ಲ. ನೆಲ ಮುಳುಗಿದವನಿಗೆ ಪರಿಹಾರದ ಲೆಕ್ಕವುಂಟು. ನೆರೆ ಮುಳುಗಿದವನಿಗೆ ಯಾವ ಲೆಕ್ಕ?

ಅವರಿಗೆ ದೊರೆತದ್ದು ಲಾಂಚು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ವಶದಲ್ಲಿದ್ದ ಈ ಲಾಂಚುಗಳು ಬರಬರುತ್ತ ಜನರನ್ನಷ್ಟೇ ಅಲ್ಲದೆ ಕಾರು, ಜೀಪು, ಬಸ್ಸುಗಳನ್ನೂ ಸಾಗಿಸತೊಡಗಿದುವು. ಸಪಾಟಾದ ಮೈ, ದಡಕ್ಕೆ ಮೂತಿ ತಗಲಿಸಿ ನಿಲ್ಲುವ ರೀತಿ. ಹಲಗೆ ಇಳಿಸಿದರೆ ವಾಹನ ನೇರವಾಗಿ ಮೇಲೇರುತ್ತದೆ. ತೂಕ ಒಂದೇ ಕಡೆಗೆ ಬೀಳದಂತೆ ಗಾಡಿಗಳನ್ನು ಹೊಂದಿಸಿ ನಿಲ್ಲಿಸುವುದು ಲಾಂಚಿನವರ ಕಣ್ಣಳತೆಯ ವಿದ್ಯೆ. ಎರಡು ಕಿಲೋಮೀಟರಿಗೂ ಮಿಕ್ಕಿದ ನೀರು ದಾಟಲು ಹಿಡಿಯುತ್ತಿದ್ದ ಹೊತ್ತು ಹೆಚ್ಚಲ್ಲ. ಹೊತ್ತು ಹೋಗುತ್ತಿದ್ದುದು ದಡದಲ್ಲಿ.

ಸಮುದ್ರದ ಬಂದರಿಗೂ ಜಲಾಶಯದ ಕಡವಿಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಸಮುದ್ರದ ಏರಿಳಿತ ದಿನದಿನದ್ದು. ಅದರ ಅಳತೆ ತಿಳಿದದ್ದು, ಅದಕ್ಕೆ ತಕ್ಕಂತೆ ಧಕ್ಕೆಯನ್ನು ಕಟ್ಟಬಹುದು. ಜಲಾಶಯದ ಏರಿಳಿತವಾದರೋ ಋತುವಿನದು, ಅದರ ಮೇಲೆ ವಿದ್ಯುದಾಗಾರದ ಬೇಡಿಕೆಯದು. ಮಳೆಗಾಲದ ಕೊನೆಗೆ ತುಂಬಿದ ನೀರು ಬೇಸಗೆಯ ವೇಳೆಗೆ ಬಹಳ ಕೆಳಕ್ಕೆ ಇಳಿದು ದಡವೇ ಹಿಂದೆ ಹಿಂದೆ ಸರಿಯುತ್ತದೆ. ದಾರಿ ಇಳಿದಷ್ಟೂ ಮಣ್ಣು, ಕೆಸರು, ಹಳೆಯ ಮರದ ಬೊಡ್ಡೆಗಳು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ತೀರ ಇಳಿದು, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗಿ ಬಂದದ್ದೂ ಉಂಟು. ಅಂತಹ ಬೇಸಗೆಯಲ್ಲಿಯೇ ಹಿರೇಭಾಸ್ಕರದ ಗೋಡೆ ಮೇಲೆದ್ದು ತೋರುವುದು. ಅದನ್ನು ನೋಡಲು ದೂರದ ಪಟ್ಟಣಗಳಿಂದ ಜನ ಬರುವುದು. ದ್ವೀಪದವನಿಗೆ ಮಾತ್ರ ಅದೇ ಬೇಸಗೆ ಕಷ್ಟದ ಕಾಲ.

ಹೊಳೆಬಾಗಿಲಿನ ಸಾಲಿನಲ್ಲಿ ಎರಡು ಬಗೆಯ ಪ್ರಯಾಣಿಕರು ಕೂಡುತ್ತಿದ್ದರು. ಸಿಗಂದೂರಿನ ಚೌಡೇಶ್ವರಿ ಕಳ್ಳಕಾಕರಿಂದ ಕಾಯುವ ದೇವಿಯೆಂದು ಪ್ರಸಿದ್ಧಳು. ಮನೆ, ಅಂಗಡಿ, ಅಡಕೆ ತೋಟಗಳಲ್ಲಿ ದೇವಿಯ ಕಾವಲಿದೆಯೆಂದು ಬರೆದ ಹಲಗೆಗಳನ್ನು ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ಕಾಣಬಹುದು. ಈಚಿನ ಕೆಲವು ದಶಕಗಳಲ್ಲಿ ಕ್ಷೇತ್ರ ಬೆಳೆದಂತೆ, ರಜೆಯ ದಿನಗಳಲ್ಲಿಯೂ ಹಬ್ಬಗಳಲ್ಲಿಯೂ ನಾಡಿನ ಎಲ್ಲ ಕಡೆಯ ಮೋಟಾರುಗಳು ಸಾಗರದ ದಾರಿ ಹಿಡಿದು ಬಂದು ನೀರಿನ ಮುಂದೆ ಸಾಲುಗಟ್ಟತೊಡಗಿದುವು. ಯಾತ್ರಿಕನಿಗೆ ಈ ಕಾಯುವಿಕೆ ಯಾತ್ರೆಯ ಒಂದು ಅಂಗ. ಕಡಲೆಕಾಯಿ ತಿನ್ನುತ್ತ, ನೀರು ನೋಡುತ್ತ, ಲಾಂಚಿನಲ್ಲಿ ಕಾರಿಗೆ ಒರಗಿ ನಿಂತು ಚಿತ್ರ ತೆಗೆಯಿಸಿಕೊಂಡು, ಊರಿಗೆ ಮರಳಿ ಅದನ್ನೇ ಹೆಚ್ಚಾಗಿ ವರ್ಣಿಸುವವರನ್ನು ನಾವೆಲ್ಲ ಬಲ್ಲೆವು. ಅದೇ ಸಾಲಿನಲ್ಲಿ ತುಮರಿಯ ರೈತನೂ ಇದ್ದಾನೆ. ಅವನಿಗೆ ತಾಲ್ಲೂಕು ಕಛೇರಿ ಮುಚ್ಚುವ ಮುನ್ನ ಆಚೆ ತಲುಪಬೇಕು; ಅಥವಾ ಕೊನೆಯ ಲಾಂಚು ಹೊರಡುವ ಮುನ್ನ ಈಚೆ ಮನೆ ಸೇರಬೇಕು. ಸಂಜೆ ಲಾಂಚು ಕಟ್ಟಿದ ಮೇಲೆ ಹೆರಿಗೆಯ ನೋವು ಬಂದವಳಿಗೆ, ಹಾವು ಕಡಿದವನಿಗೆ ಕಾಡಿನ ಸುತ್ತುದಾರಿಯೇ ಗತಿ. ಯಾತ್ರಿಕನಿಗೆ ಕಡವು ಒಂದು ದಿನದ್ದು, ರೈತನಿಗೆ ಆಯುಷ್ಯದ್ದು. ಯಾತ್ರಿಕರ ದಟ್ಟಣೆ ಹೆಚ್ಚಿದಷ್ಟೂ ಲಾಂಚಿನ ಸಂಖ್ಯೆ ಹೆಚ್ಚಿಸಲು ಕಾರಣ ಸಿಕ್ಕಿತೆಂಬುದೂ ನಿಜ. ಊರಿನವನು ನಿಲ್ಲಬೇಕಾದ ಸಾಲು ಉದ್ದವಾಯಿತೆಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಗರ್ಭಿಣಿಯನ್ನೂ ರೋಗಿಯನ್ನೂ ಮುದ್ರೆ ಕೊಟ್ಟು ದಾಟಿಸುವ ಕೌಟಿಲ್ಯನ ವಿಧಿಯನ್ನು ಮೇಲೆ ಉದಾಹರಿಸಿದ್ದು ಈ ಕಾರಣಕ್ಕಾಗಿ. ಲಾಂಚು ಹಕ್ಕೋ ಉಪಕಾರವೋ ಎಂಬ ಪ್ರಶ್ನೆ ಅಲ್ಲಿ ಅಡಗಿದೆ. ದಾರಿಯನ್ನು ಮುಳುಗಿಸಿದವರು ಅದರ ಬದಲಿಗೆ ದಾರಿಯನ್ನೇ ಕೊಡಬೇಕಾದವರು. ಆದರೆ ಲಾಂಚು ದಾರಿಯಲ್ಲ. ಅದು ಹೊತ್ತುಗೊತ್ತಿಗೆ ಒಳಪಟ್ಟ ಸೌಕರ್ಯ. ಸೌಕರ್ಯ ಕೊಟ್ಟವನಿಗೆ ಕೃತಜ್ಞತೆ ಹೇಳಬೇಕು. ದಾರಿಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ.

ಈ ಭೇದವನ್ನು ಬೇರೆ ದೇಶಗಳ ಚರಿತ್ರೆಯೂ ಸ್ಪಷ್ಟಪಡಿಸುತ್ತದೆ. ಕೆನಡಾದ ಪೂರ್ವ ತೀರದ ಪ್ರಿನ್ಸ್ ಎಡ್ವರ್ಡ್ ದ್ವೀಪ 1873ರಲ್ಲಿ ಆ ಒಕ್ಕೂಟವನ್ನು ಸೇರಿದಾಗ, ಬೇಸಗೆ ಚಳಿಗಾಲವೆನ್ನದೆ ಅಂಚೆಯನ್ನೂ ಜನರನ್ನೂ ದಾಟಿಸುವ ಉಗಿಹಡಗಿನ ಏರ್ಪಾಡನ್ನು ಕೇಂದ್ರ ಸರ್ಕಾರ ನಡೆಸತಕ್ಕದ್ದೆಂದು ಸೇರ್ಪಡೆಯ ಷರತ್ತಿನಲ್ಲಿಯೇ ಬರೆಸಿಕೊಂಡಿತು. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟುವ ಸೀಮೆ ಅದು. ಕೊಟ್ಟ ಮಾತು ಸರಿಯಾಗಿ ನಡೆಯಲಿಲ್ಲವೆಂದು ದ್ವೀಪದವರು ದಶಕಗಳವರೆಗೆ ತಕರಾರು ಮಾಡಿದರು. ಆದರೆ ತಕರಾರಿಗೆ ಲಿಖಿತ ಆಧಾರವಿತ್ತು. (ಇದೇ ದ್ವೀಪದ ಶಾಸನಸಭೆ 1908ರಲ್ಲಿ ಮೋಟಾರುಗಾಡಿಗಳನ್ನೇ ನಿಷೇಧಿಸಿತ್ತೆಂಬುದು ಕುತೂಹಲದ ಸಂಗತಿ, ಕುದುರೆಗಳು ಬೆದರುತ್ತವೆಂದು ರೈತರು ಹಿಡಿದ ಹಟ.) ಮುಂದೆ ಕಾರುಗಳ ಸಾಲು ಹಡಗುಕಟ್ಟೆಗಳಲ್ಲಿ ಗಂಟೆಗಟ್ಟಲೆ ನಿಲ್ಲುವ ಕಾಲ ಬಂದಾಗ ಸೇತುವೆಯ ಮಾತು ಎದ್ದಿತು. 1988ರಲ್ಲಿ ಜನಮತ ತೆಗೆದುಕೊಂಡರು. ನೂರಕ್ಕೆ 59ರಷ್ಟು ಮಂದಿ ಒಪ್ಪಿದರು. ಹಡಗಿನ ಬದಲು ಸೇತುವೆಯೆಂದು ಬರೆಯಲು ಸಂವಿಧಾನಕ್ಕೇ ತಿದ್ದುಪಡಿ ಮಾಡಬೇಕಾಯಿತು. 12.9 ಕಿ.ಮೀ. ಉದ್ದದ ಆ ಸೇತುವೆ ತೆರೆದುದು 1997ರಲ್ಲಿ.

ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕಥೆ ಬೇರೆ ಬಗೆಯದು. ಅಲ್ಲಿ 1995ರಲ್ಲಿ ಖಾಸಗಿ ಬಂಡವಾಳದಿಂದ ಸೇತುವೆ ಕಟ್ಟಿದ ಕೂಡಲೆ ಕಾರು ಸಾಗಿಸುವ ದೋಣಿಯನ್ನು ನಿಲ್ಲಿಸಿದರು. ಸೇತುವೆಗೆ ಭಾರಿ ಸುಂಕ ಇಟ್ಟರು. ಮನೆಗೆ ಹೋಗಲು ಸುಂಕವೇಕೆಂದು ದ್ವೀಪದವರು ಕೊಡಲೊಪ್ಪದೆ ನ್ಯಾಯಸ್ಥಾನ ಕಂಡರು, ಶಿಕ್ಷೆಗೂ ಒಳಗಾದರು. ಒಂಬತ್ತು ವರ್ಷಗಳ ಮೇಲೆ, 2004ರ ಡಿಸೆಂಬರಿನಲ್ಲಿ, ಅಲ್ಲಿನ ಸರ್ಕಾರ ಸೇತುವೆಯನ್ನು ಕೊಂಡು ಸುಂಕವನ್ನು ರದ್ದುಗೊಳಿಸಿತು. ಸೇತುವೆ ಬಂದರೆ ಕಡವಿನ ಪ್ರಶ್ನೆ ತಾನಾಗಿಯೇ ತೀರುತ್ತದೆಂಬ ನಂಬಿಕೆಗೆ ಇದು ಉತ್ತರ.

ಶರಾವತಿಯ ದ್ವೀಪದವರಲ್ಲಿ ಷರತ್ತಿನ ಕಾಗದವಿರಲಿಲ್ಲ. ಇದ್ದದ್ದು ಮನವಿಪತ್ರಗಳು ಮಾತ್ರ. 1972ರಲ್ಲಿ ಕಣಿವೆಯ ಕಾಡು ವನ್ಯಜೀವಿಧಾಮವಾಗಿ ಘೋಷಿತವಾದ ಮೇಲೆ ಯಾವ ಹೊಸ ಕೆಲಸಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಗೆ ಶಂಕುಸ್ಥಾಪನೆಯಾದದ್ದು 2018ರಲ್ಲಿ. ಲಿಂಗನಮಕ್ಕಿ ತುಂಬಿ ಆಗಲೇ 54 ವರ್ಷ. 2.44 ಕಿ.ಮೀ. ಉದ್ದದ, ನಡುವಿನ ಭಾಗ ಉಕ್ಕಿನ ಕೇಬಲ್ಲುಗಳಿಂದ ತೂಗಿದ ಈ ಸೇತುವೆಗೆ ಸುಮಾರು 470 ಕೋಟಿ ರೂಪಾಯಿ ವೆಚ್ಚವಾಯಿತು. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಅದನ್ನು ಉದ್ಘಾಟಿಸಿದರು. ಸಮಾರಂಭವನ್ನು ಕುರಿತು ರಾಜ್ಯಕ್ಕೂ ಕೇಂದ್ರಕ್ಕೂ ಎದ್ದ ವಿವಾದ ಪತ್ರಿಕೆಗಳಲ್ಲಿ ವಿಸ್ತಾರವಾಗಿ ಬಂದಿದೆ. ಇಲ್ಲಿ ಅದರ ಚರ್ಚೆ ಅನಾವಶ್ಯಕ. ಸಾಗರದಿಂದ ಹೊರಟ ಮೋಟಾರು ಈಗ ನಿಲ್ಲದೆ ಕಳಸವಳ್ಳಿ ಸೇರುತ್ತದೆ, ಮುಂದೆ ಕೊಲ್ಲೂರಿನ ಕಡೆಗೂ ಹೋಗುತ್ತದೆ.

ಹೊಳೆಬಾಗಿಲಿನ ಲಾಂಚು ಇನ್ನು ಚರಿತ್ರೆಯ ವಸ್ತು. ಆದುದರಿಂದಲೇ ಒಂದು ಸೂಚನೆ. ಲಾಂಚಿನ ದಿನಚರಿಯ ಪುಸ್ತಕಗಳು, ಟಿಕೆಟ್ಟಿನ ಅಡಿಪ್ರತಿಗಳು, ಕಾಲಕಾಲಕ್ಕೆ ಬದಲಾದ ದರದ ಆದೇಶಗಳು, ನೀರಿನ ಮಟ್ಟ ಇಳಿದಾಗ ವಾಹನ ನಿಲ್ಲಿಸಿದ ಪ್ರಕಟಣೆಗಳು, ಪಂಚಾಯತಿಗಳು ಕಳುಹಿಸಿದ ಮನವಿಗಳು ಇವೆಲ್ಲ ಹಳೆಯ ಕಡತಗಳೊಡನೆ ಹರಿದುಹೋಗುವ ಮುನ್ನ ಅವನ್ನು ಕೂಡಿಸಬೇಕು. 1964ಕ್ಕೆ ಮುಂಚೆ ಹೊಳೆಯನ್ನು ನಡೆದು ದಾಟಿದವರು ಇನ್ನೂ ಕೆಲವರಾದರೂ ಇದ್ದಾರೆ. ಅವರೆಲ್ಲ ಎಪ್ಪತ್ತು ದಾಟಿದವರು. ಬೇಸಗೆಯ ರಜೆಯಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳು ಕರೂರು, ಬಾರಂಗಿ ಹೋಬಳಿಗಳಲ್ಲಿ ಸುತ್ತಿ ಅವರ ಮಾತನ್ನು ಬರೆದುಕೊಂಡರೆ, ಮುಳುಗಿದ ಕಾಲುದಾರಿಗಳ ನಕ್ಷೆಯೊಂದನ್ನು ಸಿದ್ಧಪಡಿಸಬಹುದು. ಹಿನ್ನೀರಿನ ಬೇರೆ ಕಡೆಗಳಾದ ಹಸಿರುಮಕ್ಕಿ, ಮುಪ್ಪಾನೆಗಳ ಲಾಂಚುಗಳನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳತಕ್ಕದ್ದು.